ಎಸ್ತೆರ್ ಫೋನ್ ತೆರೆಯುವ ಮೊದಲು

ಅಕ್ಷರ ಚೆನ್ನಾಗಿಲ್ಲ, ಓದುವವರು ಕ್ಷಮಿಸಬೇಕು. ಪಿಯುಸಿಯ ಮೊದಲ ವರ್ಷವನ್ನೂ ಮುಗಿಸದೆ ಮನೆಯಲ್ಲಿ ಕುಳಿತ ಕೈ ಇದು. ದೊಡ್ಡ ಪದಗಳು ಬರುವುದಿಲ್ಲ, ಬರುವ ಪದಗಳೂ ಕೆಲವು ಕಡೆ ಸರಿಯಾದ ಜಾಗದಲ್ಲಿ ಕೂತಿರಲಿಕ್ಕಿಲ್ಲ. ತಪ್ಪಾಗಬಾರದೆಂದು ಒಂದೊಂದು ಪುಟವನ್ನು ಮೂರು ಮೂರು ಸಲ ಬರೆದದ್ದಾಗಿದೆ. ಇದು ಬರೆದವಳ ಅಕ್ಕ ಮನ್ವಿತಾಳ ವಿಷಯ. ಅವಳಿಗೆ ಪೂರ್ತಿ ಓದಿ ಹೇಳಿ, ‘ಅದು ಹಾಗಲ್ಲ, ಹೀಗೆ’ ಎಂದು ಅವಳು ತಡೆದಲ್ಲೆಲ್ಲ ತಿದ್ದಿ, ‘ಇರಲಿ’ ಎಂದ ಮೇಲೆಯೇ ಹೊರಗೆ ಕೊಟ್ಟದ್ದು.

ಮನ್ವಿತಾಳಿಗೆ ಇಪ್ಪತ್ತಮೂರು ವರ್ಷ. ಮಂಗಳೂರಿನ ಕಾವೂರು ಕೆರೆಯಿಂದ ಸ್ವಲ್ಪ ಒಳಗೆ, ಬಾಡಿಗೆ ಮನೆಯಲ್ಲಿ ಅಮ್ಮ ಆಶಾಲತಾ ಮತ್ತು ಇದನ್ನು ಬರೆದ ತಂಗಿ ಸಂಚಿತಾಳ ಜೊತೆ ಇರುತ್ತಾಳೆ. ಅಪ್ಪ ಪುಣೆಯ ಒಂದು ಹೋಟೆಲಿನಲ್ಲಿ ಮ್ಯಾನೇಜರ್. ಚೌತಿಗೊಮ್ಮೆ, ಮನೆತನದ ದೈವದ ನೇಮಕ್ಕೊಮ್ಮೆ ಬಂದು ಹೋಗುತ್ತಾರೆ. ಮನ್ವಿತಾಳಿಗೆ ಪೇಟೆಯ ಒಂದು ಐಸ್‌ಕ್ರೀಮ್ ಅಂಗಡಿಯಲ್ಲಿ ಕೆಲಸ. ಬೆಳಿಗ್ಗೆ ಹನ್ನೊಂದರಿಂದ ಸಂಜೆ ಏಳರವರೆಗೆ ಫ್ರೀಜರಿನ ಮುಂದೆ ನಿಂತು ಉದ್ದನೆಯ ಗ್ಲಾಸುಗಳಿಗೆ ಜೆಲ್ಲಿ, ಹಣ್ಣು, ಗೋಡಂಬಿ, ಮೂರು ಬಗೆಯ ಐಸ್‌ಕ್ರೀಮ್ ತುಂಬಿ ಗಡ್‌ಬಡ್ ಮಾಡಿ ಕೊಡುವುದು. ಅವಳು ಹಾಕಿದ ಗಡ್‌ಬಡ್ ಓರೆಯಾಗಿ ಕೂತದ್ದಿಲ್ಲ.

ಎರಡು ವರ್ಷದ ಹಿಂದೆ ಡಾಕ್ಟರು ಅವಳ ಕಾಯಿಲೆಗೆ ಒಂದು ಹೆಸರು ಹೇಳಿದರು. ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್. ಹೆಸರು ಸಿಕ್ಕಿತೆಂದು ಕಾಯಿಲೆ ಸಣ್ಣದಾಗಲಿಲ್ಲ. ಯಾರಾದರೂ ಹತ್ತಿರವಾದರೆ ಅವಳಿಗೆ ಅವರಷ್ಟು ಒಳ್ಳೆಯವರು ಭೂಮಿಯ ಮೇಲೆ ಇಲ್ಲ. ಅದೇ ಜನ ಒಂದು ದಿನ ಫೋನ್ ಎತ್ತದಿದ್ದರೆ ಕಾಲ ಕೆಳಗಿನ ನೆಲ ತೆಗೆದ ಹಾಗೆ. ಅಂಥ ಹೊತ್ತಿನಲ್ಲಿ ಅವಳು ಆಡುವ ಮಾತು ಕೇಳಿದವರು ತಿರುಗಿ ನೋಡುವುದಿಲ್ಲ. ಸಿಟ್ಟು ಇಳಿದ ಮೇಲೆ ತನ್ನ ಮೇಲೆಯೇ ತಿರುಗುತ್ತದೆ. ಹಿಂದೆ ಅವಳು ತನಗೆ ತಾನೇ ನೋವು ಮಾಡಿಕೊಂಡದ್ದುಂಟು. ಅಂದಿನಿಂದ ಮನೆಯ ಚೂರಿ, ಕತ್ತರಿ ಎಲ್ಲ ಬಟ್ಟೆಯ ಕಪಾಟಿನೊಳಗೆ. ಒಂದು ನೀರುಳ್ಳಿ ಹೆಚ್ಚಬೇಕಾದರೂ ಅಮ್ಮನ ಸೊಂಟದ ಬೀಗದ ಕೈ ಬರಬೇಕು. ಹನ್ನೊಂದು ತಿಂಗಳಿಂದ ಅಂಥದ್ದು ಏನೂ ಆಗಿಲ್ಲ, ಬೀಗ ಮಾತ್ರ ಹಾಗೆಯೇ ಇದೆ. ಮನ್ವಿತಾ ಒಮ್ಮೆ ಕೇಳಿದ್ದಳು.

“ಅಮ್ಮ, ಇನ್ನೆಷ್ಟು ದಿನ ಚೂರಿಗೆ ಸೀರೆಯ ವಾಸನೆ?”

“ನಂಗೆ ನಿದ್ದೆ ಬರುವಷ್ಟು ದಿನ,” ಎಂದಿದ್ದರು ಅಮ್ಮ.

ಅಮ್ಮನಿಗೆ ಕಾಯಿಲೆಯ ಹೆಸರಿನ ಮೊದಲ ಪದ ಮಾತ್ರ ಪರಿಚಯದ್ದು. “ನನ್ನ ಶುಗರ್ ಕೂಡ ಬಾರ್ಡರ್‌ಲೈನ್ ಅಂದಿದ್ರು. ಮೆಂತೆ ನೀರು ಕುಡಿದೆ, ನಡೆದೆ, ಇಳೀತು. ನಿಂದು ಕೂಡ ಬಾರ್ಡರಿನಲ್ಲೇ ಉಂಟಲ್ಲ ಮಗಾ, ಈಗಲೇ ಹಿಡಿದ್ರೆ ಆಯ್ತು,” ಎಂದು ಒಂದು ತಿಂಗಳು ಪೂರ್ತಿ ಮಗಳಿಗೂ ಮೆಂತೆ ನೀರು ಕುಡಿಸಿದರು. ಮನ್ವಿತಾ ಕುಡಿದಳು. ಬೇಡವೆಂದರೆ ಅಮ್ಮನ ಮುಖ ಸಣ್ಣದಾಗುತ್ತದೆ, ಅದನ್ನು ನೋಡುವುದಕ್ಕಿಂತ ಕಹಿ ವಾಸಿ.

ಈ ಕಾಯಿಲೆಯೊಂದಿಗೆ ದಿನ ಕಳೆಯುವುದೆಂದರೆ ಸಣ್ಣ ಸಣ್ಣ ಕೆಲಸಗಳ ರಾಶಿ. ನಿದ್ದೆ ಬಂದಿರಲಿ ಬಿಡಲಿ, ಆರೂವರೆಗೆ ಏಳಬೇಕು. ತಿಂಡಿ ತಪ್ಪಿಸಬಾರದು, ಹೊಟ್ಟೆ ಖಾಲಿಯಿದ್ದರೆ ಸಿಟ್ಟು ಬೇಗ ಹತ್ತುತ್ತದೆ. ಮಾತ್ರೆ ಮರೆಯಬಾರದು. ಸಂಜೆ ಒಂದು ಕಾಗದದಲ್ಲಿ ಆ ದಿನದ ಸಿಟ್ಟಿಗೆ, ದುಃಖಕ್ಕೆ, ಕೆಟ್ಟ ಯೋಚನೆಗೆ ಸೊನ್ನೆಯಿಂದ ಐದರೊಳಗೆ ಅಂಕ ಹಾಕಬೇಕು. ಅದರ ಜೊತೆ ಕೌನ್ಸೆಲರ್ ಮೇಡಂ ಇನ್ನೊಂದು ಹಾಳೆ ಕೊಟ್ಟಿದ್ದರು, ಒಳಗಿಂದ ಬೆಂಕಿ ಎದ್ದಾಗ ಏನು ಮಾಡಬೇಕೆಂದು. ಐಸ್ ತುಂಡನ್ನು ಕೈಯಲ್ಲಿ ಗಟ್ಟಿಯಾಗಿ ಹಿಡಿಯಬೇಕು. ಮುಖವನ್ನು ತಣ್ಣೀರಿನಲ್ಲಿ ಅದ್ದಬೇಕು. ಹತ್ತು ನಿಮಿಷ ಬಿರುಸಾಗಿ ನಡೆಯಬೇಕು.

“ಮೇಡಂ, ನಾನು ದಿನಕ್ಕೆ ಎಂಟು ಗಂಟೆ ಐಸಿನೊಳಗೇ ಕೈ ಹಾಕಿಕೊಂಡಿರ್ತೇನೆ. ನನ್ನ ಕೈಗೆ ಐಸ್ ಅಂದ್ರೆ ಕಾಲಿಗೆ ಚಪ್ಪಲಿ ಇದ್ದ ಹಾಗೆ, ಗೊತ್ತೇ ಆಗೋದಿಲ್ಲ,” ಎಂದಳು ಮನ್ವಿತಾ.

ಮೇಡಂ ನಕ್ಕು, “ಹಾಗಾದ್ರೆ ಉಳಿದ ಎರಡು,” ಎಂದರು.

ಉಳಿದ ಎರಡರಲ್ಲಿ ತಣ್ಣೀರು ಮಾರ್ಚ್ ತಿಂಗಳ ಮಂಗಳೂರಿನಲ್ಲಿ ಸಿಕ್ಕುವ ವಸ್ತುವಲ್ಲ. ತಾರಸಿಯ ಟ್ಯಾಂಕಿನಿಂದ ಬರುವ ನೀರಿನಲ್ಲಿ ಚಹಾಪುಡಿ ಹಾಕಿದರೆ ಬಣ್ಣ ಬಿಡುತ್ತದೆ. ಇನ್ನು ನಡೆಯುವುದು. ಓಣಿಯ ಮೊದಲ ಗೇಟಿನಲ್ಲಿಯೇ ಪಕ್ಕದ ಮನೆಯ ದೊಡ್ಡಮ್ಮ ನಿಂತಿರುತ್ತಾರೆ.

“ಎಲ್ಲಿಗೆ ಮಗಾ?”

“ಎಲ್ಲಿಗೂ ಇಲ್ಲ ದೊಡ್ಡಮ್ಮ. ನಡೀಲಿಕ್ಕೆ.”

“ನಡೀಲಿಕ್ಕಾ? ಎಲ್ಲಿಗೆ?”

ಹತ್ತು ನಿಮಿಷದಲ್ಲಿ ನಾಲ್ಕು ಗೇಟು. ನಾಲ್ಕನೆಯ ಗೇಟಿಗೆ ಬರುವಾಗ ಸಿಟ್ಟು ಹೊರಡುವಾಗ ಇದ್ದದ್ದಕ್ಕಿಂತ ದೊಡ್ಡದಾಗಿರುತ್ತದೆ. ಹಾಳೆಯನ್ನು ಬರೆದವರು ಯಾವ ಊರಿನವರೋ, ಅಲ್ಲಿ ಚಳಿ ಇರಬೇಕು, ಯಾರೂ ಯಾರನ್ನೂ ಎಲ್ಲಿಗೆ ಎಂದು ಕೇಳುವುದಿಲ್ಲವಿರಬೇಕು ಎನ್ನುತ್ತಾಳೆ ಮನ್ವಿತಾ.

ಹೀಗೆ ಹಾಳೆಯಲ್ಲಿದ್ದದ್ದು ಯಾವುದೂ ಕೈ ಹಿಡಿಯದೆ ಇದ್ದಾಗ ಕೈ ಹಿಡಿದದ್ದು ಎಸ್ತೆರ್. ಅವಳೂ ಅದೇ ಅಂಗಡಿಯವಳು, ಮನ್ವಿತಾಳಿಗಿಂತ ಎರಡು ವರ್ಷ ದೊಡ್ಡವಳು. ಒಂದು ದಿನ ಗಿರಾಕಿಯೊಬ್ಬ ಏನೋ ಅಂದನೆಂದು ಮನ್ವಿತಾ ಒಂದು ತಟ್ಟೆ ಗ್ಲಾಸುಗಳನ್ನು ನೆಲಕ್ಕೆ ಅಪ್ಪಳಿಸಿದಳು. ಎಲ್ಲರೂ ದೂರ ಸರಿದರೆ ಎಸ್ತೆರ್ ಪೊರಕೆ ಹಿಡಿದು ಬಂದಳು. “ಗ್ಲಾಸ್ ಮಾಲಕರದ್ದು, ಕಾಲು ನಿಂದು. ಹಿಂದೆ ಸರಿ,” ಎಂದಳು, ಅಷ್ಟೇ. ಆಮೇಲೆ ನಿಧಾನಕ್ಕೆ ಕಾಯಿಲೆಯ ಸಂಗತಿ ತಿಳಿದುಕೊಂಡಳು. ತಿಳಿದ ಮೇಲೆ ಒಂದು ಕರಾರು ಮಾಡಿದಳು.

“ನೋಡು ಮಾರಾಯ್ತಿ, ನಾನು ನಿನ್ನ ಡಾಕ್ಟರ್ ಅಲ್ಲ. ದಿನಕ್ಕೆ ಮೂರು ಮೆಸೇಜ್ ಹಾಕು, ಮೂರೇ. ನಾನು ಮಲಗುವ ಮೊದಲು ‘ಉಂಟು’ ಅಂತ ಒಂದು ಹಾಕ್ತೇನೆ. ನಾನು ಇದ್ದೇನೆ ಅಂತ ಅರ್ಥ. ಉಳಿದ ಮಾತೆಲ್ಲ ಮರುದಿನ ಅಂಗಡಿಯಲ್ಲಿ.”

ಏಳು ತಿಂಗಳು ಅದು ನಡೆಯಿತು. ಜ್ವರ ಬಂದ ದಿನವೂ ‘ಉಂಟು’ ಬಂತು. ಎಸ್ತೆರ್‌ಳ ಮದುವೆ ನಿಶ್ಚಯ ಮುರಿದ ದಿನವೂ ಬಂತು. ಇರ್ವಿನ್ ಎಂಬ ಹುಡುಗ ಎಲ್ಲ ನಿಶ್ಚಯವಾಗಿ, ಮದುವೆಯ ಸೀರೆಯನ್ನೂ ಕೊಂಡ ಮೇಲೆ, ಬೇಡ ಎಂದುಬಿಟ್ಟಿದ್ದ. ಆ ಸಂಗತಿಯನ್ನು ಎಸ್ತೆರ್ ಅಂಗಡಿಯಲ್ಲಿ ಮನ್ವಿತಾಳೊಬ್ಬಳಿಗೆ ಹೇಳಿದ್ದಳು.

ಮೊನ್ನೆ, ಈಸ್ಟರ್ ಹಬ್ಬಕ್ಕೆ ಮೊದಲಿನ ತಪಸ್ಸುಕಾಲದ ಒಂದು ಬುಧವಾರ ಎಸ್ತೆರ್ ಏಪ್ರನ್ ಬಿಚ್ಚುತ್ತಾ, “ನಾಳೆಯಿಂದ ನಾನಿಲ್ಲ, ರಿಟ್ರೀಟಿಗೆ ಹೋಗ್ತೇನೆ. ಆದಿತ್ಯವಾರ ಬರ್ತೇನೆ,” ಎಂದಳು. ಪಡೀಲ್ ದಾಟಿ ಒಳಗೆ ಗುಡ್ಡದ ಮೇಲೆ ಒಂದು ಧ್ಯಾನಮಂದಿರ ಇದೆ, ಅಲ್ಲಿಗೆ.

“ತಲುಪಿದ ಕೂಡ್ಲೆ ಮೆಸೇಜ್ ಹಾಕು,” ಎಂದಳು ಮನ್ವಿತಾ.

“ಆಯ್ತು ಆಯ್ತು,” ಎಂದು ಎಸ್ತೆರ್ ಬಸ್ಸಿಗೆ ಓಡಿದಳು.

ರಿಟ್ರೀಟ್ ಎಂದರೆ ನಾಲ್ಕು ದಿನದ ಪ್ರಾರ್ಥನೆ ಎಂಬಷ್ಟು ಮಾತ್ರ ಮನ್ವಿತಾಳಿಗೆ ಗೊತ್ತಿದ್ದದ್ದು. ಅಲ್ಲಿಯ ಉಳಿದ ಕ್ರಮ ಎಲ್ಲರಿಗೂ ಗೊತ್ತಿರುತ್ತದೆ ಎಂದು ಎಸ್ತೆರ್ ಎಣಿಸಿರಬೇಕು. ಚಿಕ್ಕಂದಿನಿಂದ ಹೋಗುತ್ತಿರುವವರಿಗೆ ಹಾಗೆಯೇ ಅನ್ನಿಸುವುದು.

ಗುರುವಾರ ಬೆಳಿಗ್ಗೆ ಮನ್ವಿತಾ ಒಂದು ಮೆಸೇಜ್ ಹಾಕಿದಳು, ಮಧ್ಯಾಹ್ನ ಒಂದು, ಸಂಜೆ ಒಂದು. ಮೂರಕ್ಕೂ ಒಂದೇ ಟಿಕ್. ಅಂದರೆ ಹೋಗಿದೆ, ತಲುಪಿಲ್ಲ. ಆ ದಿನ ‘ಉಂಟು’ ಬರಲಿಲ್ಲ. ಅವಳು ಹಾಳೆ ಹೇಳಿದಂತೆ ಮಾಡಿದಳು. ಬೆಚ್ಚಗಿನ ನೀರಿನಲ್ಲಿ ಮುಖ ಅದ್ದಿದಳು. ಕಾಗದದಲ್ಲಿ ಸಿಟ್ಟಿಗೆ ಮೂರು, ದುಃಖಕ್ಕೆ ನಾಲ್ಕು ಎಂದು ಬರೆದು ಮಲಗಿದಳು.

ಶುಕ್ರವಾರ ತಿಂಡಿ ಸೇರಲಿಲ್ಲ. ಬಸ್ಸಿನಲ್ಲಿ ಹೋಗುವಾಗ ತಲೆಯೊಳಗೆ ಒಂದು ಯೋಚನೆ ಹುಟ್ಟಿತು: ಎರಡು ದಿನ ಒಂದೇ ಟಿಕ್ ಎಂದರೆ ಬ್ಲಾಕ್ ಮಾಡಿದ್ದಾಳೆ. ರಿಟ್ರೀಟ್ ಎಂಬುದು ನೆಪ, ತನ್ನಿಂದ ತಪ್ಪಿಸಿಕೊಳ್ಳಲು ನಾಲ್ಕು ದಿನ ರಜೆ ಹಾಕಿದ್ದಾಳೆ. ಒಮ್ಮೆ ಹುಟ್ಟಿದ ಮೇಲೆ ಆ ಯೋಚನೆಗೆ ಸಾಕ್ಷಿ ಹುಡುಕುವುದು ಕಷ್ಟವಾಗಲಿಲ್ಲ. ಬುಧವಾರ ‘ಆಯ್ತು ಆಯ್ತು’ ಎಂದು ಎರಡು ಸಲ ಹೇಳಿದ್ದು ಯಾಕೆ? ಬಸ್ಸು ನಿಂತೇ ಇತ್ತು, ಅವಳು ಓಡಿದ್ದು ಯಾಕೆ?

ಅಂಗಡಿಯಲ್ಲಿ ಗಿರಾಕಿ ಇಲ್ಲದಾಗಲೆಲ್ಲ ಅವಳು ಫೋನ್ ಹಿಡಿದಳು. ಮೊದಲು ಏನಾಯಿತು ಎಂದು ಕೇಳಿದಳು, ಆಮೇಲೆ ತಪ್ಪಾಯಿತು ಎಂದಳು. ಯಾವ ತಪ್ಪು ಎಂದು ಅವಳಿಗೇ ಗೊತ್ತಿರಲಿಲ್ಲ. ಆಮೇಲೆ ಬೈದಳು. ಮೂರು ಗಂಟೆಯೊಳಗೆ ಮೂವತ್ತೆಂಟು ಮೆಸೇಜ್. ಕೊನೆಯ ಕೆಲವು ಬರೆದದ್ದಲ್ಲ, ಉಗ್ರಾಣದ ಬಾಗಿಲು ಹಾಕಿಕೊಂಡು ಸಿಟ್ಟಿನ ದನಿಯಲ್ಲಿ ಹೇಳಿ ಕಳಿಸಿದ್ದು. ಅದರಲ್ಲಿ ಒಂದು ಹೀಗಿತ್ತು: “ಇರ್ವಿನ್ ನಿನ್ನನ್ನು ಸುಮ್ಮನೆ ಬಿಡಲಿಲ್ಲ. ಅವನಿಗೆ ನಿನ್ನ ಬುದ್ಧಿ ಗೊತ್ತಾಗಿತ್ತು.”

ಸಂಜೆ ಐದಕ್ಕೆ ಅಂಗಡಿಯ ಹಿಂದುಗಡೆ ಗ್ಲಾಸ್ ತೊಳೆಯುವ ನೆಲ್ಲಿಬಾಯಿಯ ಹತ್ತಿರ, ಕೇಳಬಾರದು ಕೇಳಬಾರದು ಎಂದುಕೊಂಡೇ ಕೇಳಿದಳು.

“ಬಾಯಿ, ಎಸ್ತೆರ್ ನಿಮಗೆ ಫೋನ್ ಮಾಡಿದ್ಳಾ?”

“ರಿಟ್ರೀಟಿಗೆ ಹೋದವಳು ಫೋನ್ ಮಾಡೋದು ಹೇಗೆ?” ನೆಲ್ಲಿಬಾಯಿ ಸೋಪಿನ ಕೈ ನಿಲ್ಲಿಸಲಿಲ್ಲ. “ಹೋದ ಕೂಡ್ಲೆ ಗೇಟಿನಲ್ಲೇ ಫೋನ್ ತಕ್ಕೊಳ್ತಾರೆ. ಲಕೋಟೆಯಲ್ಲಿ ಹಾಕಿ ಹೆಸರು ಬರೆದು ಇಡ್ತಾರೆ. ಆದಿತ್ಯವಾರ ಮಧ್ಯಾಹ್ನ ಊಟ ಆದ್ಮೇಲೆ ವಾಪಸ್. ಅಲ್ಲಿವರೆಗೆ ಮಾತೂ ಇಲ್ಲ, ಪೂರ್ತಿ ಮೌನ. ನಿಂಗೆ ಗೊತ್ತಿಲ್ವಾ?”

“ಗೊತ್ತಿರ್ಲಿಲ್ಲ.”

“ನಮ್ಮ ಮಕ್ಕಳಿಗೆಲ್ಲ ಗೊತ್ತುಂಟು,” ಎಂದರು ನೆಲ್ಲಿಬಾಯಿ. ಚುಚ್ಚಿ ಹೇಳಿದ್ದಲ್ಲ, ಸುಮ್ಮನೆ ಹೇಳಿದ್ದು.

ಒಂದು ಉಸಿರು ತೆಗೆಯುವಷ್ಟು ಹೊತ್ತು ಮನ್ವಿತಾಳಿಗೆ ಎದೆ ಹಗುರವಾಯಿತು. ಎಸ್ತೆರ್ ಬಿಟ್ಟು ಹೋಗಿಲ್ಲ. ಮರುಕ್ಷಣವೇ ಕಳಿಸಿದ ಮೆಸೇಜುಗಳ ಲೆಕ್ಕ ನೆನಪಾಯಿತು. ನಿನ್ನೆಯ ಮೂರು, ಇವತ್ತಿನ ಮೂವತ್ತೆಂಟು. ನಲವತ್ತೊಂದೂ ಗುಡ್ಡದ ಮೇಲೆ ಒಂದು ಲಕೋಟೆಯೊಳಗಿನ ಫೋನಿಗಾಗಿ ಕಾದು ಕುಳಿತಿವೆ. ಆದಿತ್ಯವಾರ ಊಟದ ನಂತರ ಎಸ್ತೆರ್ ಗುಂಡಿ ಒತ್ತುತ್ತಾಳೆ, ಎಲ್ಲವೂ ಸಾಲಾಗಿ ಇಳಿಯುತ್ತವೆ.

ಅಳಿಸಬಹುದಿತ್ತು. ಬಸ್ಸಿನಲ್ಲಿ ಮನೆಗೆ ಬರುವಾಗ ಬೆರಳು ಅದೇ ಕೆಲಸಕ್ಕೆ ಹೋಯಿತು. ಆದರೆ ಜನವರಿಯಲ್ಲಿ ಒಂದು ಸಲ ಹಾಗೆ ಮಾಡಿದ್ದಕ್ಕೆ ಎಸ್ತೆರ್ ಹೇಳಿದ ಮಾತು ನೆನಪಿತ್ತು. “ಅಳಿಸಿದ್ರೆ ಅದರಲ್ಲಿ ಎಂತ ಇತ್ತು ಅಂತ ಇಡೀ ದಿನ ನನ್ನ ತಲೆ ಕೊರೀತದೆ. ಬೈದಿದ್ರೆ ಬೈದದ್ದೇ ಇರ್ಲಿ. ಅಳಿಸಬೇಡ.” ಅಳಿಸುವುದಿಲ್ಲ ಎಂದು ಆಗ ಮಾತು ಕೊಟ್ಟಿದ್ದಳು. ಈಗ ಅಳಿಸಿದರೆ ನಲವತ್ತೊಂದು ಖಾಲಿ ಗೆರೆಗಳು ಅವಳ ಮುಂದೆ ಇರುತ್ತವೆ, ಕೊಟ್ಟ ಮಾತು ಮುರಿದದ್ದಕ್ಕೆ ಬೇರೆ ಸಾಕ್ಷಿ ಬೇಡ. ಅಳಿಸದಿದ್ದರೆ ಇರ್ವಿನ್‌ನ ಮಾತು ಇರುತ್ತದೆ. ಹೇಗೆ ತಿರುಗಿದರೂ ಗೋಡೆ.

ಶನಿವಾರ ಬೆಳಿಗ್ಗೆ ಕ್ಲಿನಿಕ್ಕಿಗೆ ಫೋನ್ ಮಾಡಿದಳು. “ಮೇಡಂ ರಜೆ. ನಿಮ್ದು ಮಂಗಳವಾರ ಮೂರಕ್ಕೆ ಉಂಟಲ್ವಾ? ಅಷ್ಟರೊಳಗೆ ತುಂಬಾ ಕಷ್ಟ ಆದ್ರೆ ಎಮರ್ಜೆನ್ಸಿಗೆ ಬನ್ನಿ,” ಎಂದಿತು ಆಚೆಯ ದನಿ. ಎಮರ್ಜೆನ್ಸಿಯಲ್ಲಿ ಏನೆಂದು ಹೇಳುವುದು, ನಾಳೆ ಒಬ್ಬಳು ತನ್ನ ಫೋನ್ ತೆರೆಯಲಿದ್ದಾಳೆ ಎಂದೇ? ಮನ್ವಿತಾ ಫೋನನ್ನು ಹಾಸಿಗೆಗೆ ಎಸೆದಳು.

“ಒಂದು ಮೆಸೇಜಿಗೆ ಇಷ್ಟೆಲ್ಲ ಎಂತಕ್ಕೆ? ಆ ಹುಡುಗಿ ಒಳ್ಳೆಯವಳು, ಮರೀತಾಳೆ,” ಎಂದರು ಅಮ್ಮ.

“ಒಂದಲ್ಲ ಅಮ್ಮ, ನಲವತ್ತೊಂದು. ಅವಳು ಒಳ್ಳೆಯವಳು ಅಂತ ನಂಗೂ ಗೊತ್ತುಂಟು. ಅದೇ ಕಷ್ಟ.”

“ನಾನು ಬೇಕಾದ್ರೆ ಅವಳಿಗೆ ಹೇಳ್ತೇನೆ, ನಿಂಗೆ ಹುಷಾರಿಲ್ಲ ಅಂತ.”

“ನೀವು ಎಂತ ಹೇಳೋದೂ ಬೇಡ. ಹುಷಾರಿಲ್ಲ ಅಂತ ಅವಳು ಏಳು ತಿಂಗಳು ಸಹಿಸಿದ್ದಾಳೆ. ಇನ್ನೆಷ್ಟು ಸಹಿಸಬೇಕು?”

ಅಮ್ಮ ಎದ್ದು ಅಡುಗೆಮನೆಗೆ ಹೋದರು. ಮನ್ವಿತಾಳಿಗೆ ಅದನ್ನೂ ತಡೆದುಕೊಳ್ಳಲಾಗಲಿಲ್ಲ. ಬಾಗಿಲು ಹಾಕಿಕೊಂಡಳು, ಮತ್ತೆ ತೆಗೆದಳು. ಕೆಲಸವನ್ನೇ ಬಿಡುತ್ತೇನೆ ಎಂದಳು. ಎಸ್ತೆರ್‌ಳ ಮುಖ ನೋಡುವುದಕ್ಕಿಂತ ಮೊದಲೇ ಅವಳನ್ನು ಬಿಟ್ಟುಬಿಟ್ಟರೆ ನೋವು ಕಡಿಮೆ ಎಂಬ ಲೆಕ್ಕ. ಈ ಲೆಕ್ಕವನ್ನು ಅವಳು ಹಿಂದೆಯೂ ಹಾಕಿದ್ದಾಳೆ, ಒಂದು ಸಲವೂ ತಾಳೆಯಾದದ್ದಿಲ್ಲ.

ಆಗ ತಂಗಿ ಬಾಗಿಲಿನ ಹತ್ತಿರ ನಿಂತು, “ಅಕ್ಕ, ಅವರು ಫೋನ್ ತೆರೆಯುವ ಮೊದಲೇ ನೀನು ಹೋಗಿ ಹೇಳಿದ್ರೆ?” ಎಂದಳು.

ಮನ್ವಿತಾ ಅವಳನ್ನು ನೋಡಿದಳು. “ಗುಡ್ಡಕ್ಕೆ?”

“ಗೇಟಿನ ಹತ್ತಿರ. ಊಟ ಆಗಿ ಹೊರಗೆ ಬರ್ತಾರಲ್ಲ.”

ತಪ್ಪು ಮಾಡಿದ ಮೇಲೆ ಮಾಡಿದ್ದನ್ನು ಹೇಳಬೇಕು, ಕಾರಣ ಹೇಳಬಾರದು ಎಂದು ಮೇಡಂ ಒಮ್ಮೆ ಹೇಳಿಕೊಟ್ಟಿದ್ದರು. ಮನ್ವಿತಾ ಹಳೆಯ ಬಿಲ್ಲಿನ ಹಿಂದೆ ಮೂರು ವಾಕ್ಯ ಬರೆದಳು. ನಿನಗೆ ನಲವತ್ತೊಂದು ಮೆಸೇಜ್ ಹಾಕಿದ್ದೇನೆ. ಅದರಲ್ಲಿ ಇರ್ವಿನ್ ವಿಷಯ ಎತ್ತಿದ್ದೇನೆ. ಅದು ನಾನು ಮಾಡಿದ ತಪ್ಪು. ಹೇಳಿ ಹೇಳಿ ಅಭ್ಯಾಸ ಮಾಡಿದಳು. ಪ್ರತಿ ಸಲವೂ ಮೂರನೆಯ ವಾಕ್ಯದ ನಂತರ ‘ಯಾಕೆಂದರೆ’ ಎಂದು ಬಾಯಿಗೆ ಬರುತ್ತಿತ್ತು, ತಂಗಿ ಕೈ ಎತ್ತಿ ನಿಲ್ಲಿಸುತ್ತಿದ್ದಳು.

ಆದಿತ್ಯವಾರ ಬೆಳಿಗ್ಗೆ ಹೊತ್ತು ಹೋಗಲಿಲ್ಲ. ಅಮ್ಮ ಎರಡು ಕಿಲೋ ಬೂತಾಯಿ ಮೀನು ತಂದರು. ಮನೆಯಲ್ಲಿ ಮೂವರಿಗೆ ಎರಡು ಕಿಲೋ ಯಾಕೆಂದು ಕೇಳಿದರೆ, “ಅಗ್ಗದಲ್ಲಿ ಸಿಕ್ಕಿತು,” ಎಂದರು. ಅಮ್ಮ ತಲೆ ಕತ್ತರಿಸಿ ಕೊಟ್ಟಂತೆ ಮನ್ವಿತಾ ಹುರುಪೆ ತೆಗೆದು, ಬೆರಳು ಹಾಕಿ ಹೊಟ್ಟೆ ಬಿಡಿಸಿ ತೊಳೆದಳು. ಎರಡೂ ಕೈ ಮೊಣಕೈವರೆಗೆ ಮೀನು. ಅಂಥ ಕೈಯಲ್ಲಿ ಫೋನ್ ಮುಟ್ಟುವಂತಿಲ್ಲ, ಮುಟ್ಟಿದರೂ ಅದು ಕೇಳುವುದಿಲ್ಲ. ಒಂದು ಗಂಟೆ ಹೋದದ್ದೇ ತಿಳಿಯಲಿಲ್ಲ. ಹಾಳೆಯಲ್ಲಿ ಇದನ್ನು ಯಾರೂ ಬರೆದಿಲ್ಲ.

ಒಂದೂವರೆಗೆ ಹೊರಟಳು. ಸ್ಟೇಟ್‌ಬ್ಯಾಂಕ್ ಬಸ್‌ನಿಲ್ದಾಣದಲ್ಲಿ ಬಸ್ಸು ಬದಲಿಸಿ ಪಡೀಲಿನಲ್ಲಿ ಇಳಿದು, ಗುಡ್ಡದ ಬಸ್ಸಿಗೆ ಕಾಯಲಾರದೆ ಆಟೋ ಮಾಡಿದಳು. ಗೇಟಿನ ಹೊರಗೆ ಬಿಸಿಲಿಗೆ ನೆರಳಿರಲಿಲ್ಲ. ಮೂರು ಗಂಟೆ ಹತ್ತು ನಿಮಿಷಕ್ಕೆ ಹೆಂಗಸರು ಚೀಲ ಹಿಡಿದು ಒಬ್ಬೊಬ್ಬರಾಗಿ ಹೊರಬಂದರು. ನಾಲ್ಕು ದಿನ ಮಾತಾಡದವರು ಒಟ್ಟಿಗೆ ಮಾತಾಡುತ್ತಿದ್ದರು. ಎಸ್ತೆರ್‌ಳ ಕೈಯಲ್ಲಿ ಕಂದು ಲಕೋಟೆ ಇತ್ತು, ಬಾಯಿ ಇನ್ನೂ ಅಂಟಿಸಿದ್ದು ಹಾಗೆಯೇ.

“ನೀನೆಂತ ಇಲ್ಲಿ?” ಎಸ್ತೆರ್ ನಕ್ಕಳು. “ನಾಲ್ಕು ದಿನ ಕೂಡ ಬಿಡುದಿಲ್ವಾ ನನ್ನನ್ನು?”

ತಮಾಷೆಗೆ ಹೇಳಿದ್ದು. ಆದರೂ ಆ ಮಾತು ಸರಿಯಾಗಿ ನೋವಿದ್ದಲ್ಲಿಯೇ ತಾಗಿತು. ಮನ್ವಿತಾ ಬರೆದ ಚೀಟಿ ತೆಗೆಯದೆಯೇ ಹೇಳಿದಳು. “ಫೋನ್ ತೆರೀಬೇಡ, ಮೊದಲು ಕೇಳು. ನಲವತ್ತೊಂದು ಮೆಸೇಜ್ ಹಾಕಿದ್ದೇನೆ. ಇರ್ವಿನ್ ವಿಷಯ ಎತ್ತಿದ್ದೇನೆ. ತಪ್ಪು ನಂದು.” ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಲಿಲ್ಲ. “ಯಾಕೆಂದ್ರೆ ನೀನು ಹೇಳ್ಲೇ ಇಲ್ಲ, ಫೋನ್ ತಕ್ಕೊಳ್ತಾರೆ ಅಂತ. ಒಂದು ಮಾತು ಹೇಳಿದ್ರೆ ನಂಗೆ ಗೊತ್ತಾಗ್ತಿತ್ತು. ನಾನು ಎಂತ ಗ್ರಹಿಸಬೇಕು?”

ಎಸ್ತೆರ್‌ಳ ನಗು ಹೋಯಿತು. ರಸ್ತೆಯ ಆಚೆಯ ಮೋರಿಯ ಕಟ್ಟೆಯ ಮೇಲೆ ಕುಳಿತು ಲಕೋಟೆ ಹರಿದಳು. ಫೋನ್ ತೆರೆಯಿತು, ಟಿಂಗ್ ಟಿಂಗ್ ಎಂದು ತುಂಬಾ ಹೊತ್ತು ಸದ್ದು ಮಾಡಿತು. ಅವಳು ಒಂದನ್ನೂ ಬಿಡದೆ ಓದಿದಳು. ಹೇಳಿ ಕಳಿಸಿದ್ದನ್ನು ಕಿವಿಗೆ ಹಿಡಿದು ಕೇಳಿದಳು. ಮನ್ವಿತಾ ಬಿಸಿಲಿನಲ್ಲಿ ನಿಂತೇ ಇದ್ದಳು. ಒಂದು ಬಸ್ಸು ಬಂದು ಹೋಯಿತು.

“ಆಯ್ತು,” ಎಂದಳು ಎಸ್ತೆರ್ ಕೊನೆಗೆ. ಅವಳ ದನಿ ಸಣ್ಣದಾಗಿತ್ತು. “ಬಂದು ಹೇಳಿದ್ದು ಒಳ್ಳೇದಾಯ್ತು. ಮನೆಯಲ್ಲಿ ಅಮ್ಮನ ಎದುರು ತೆರೆದಿದ್ರೆ ಕಷ್ಟ ಆಗ್ತಿತ್ತು. ಆದ್ರೆ ನಂಗೆ ಎರಡು ವಾರ ನಿನ್ನ ಮೆಸೇಜ್ ಬೇಡ. ನಾನೂ ಹಾಕುದಿಲ್ಲ.”

“ಅಂದ್ರೆ ಬಿಟ್ಟ ಹಾಗೆ.”

“ಅಲ್ಲ. ಎರಡು ವಾರ ಅಂದ್ರೆ ಎರಡು ವಾರ. ಹದಿನೈದನೆಯ ದಿನ ನಾನೇ ಮಾತಾಡ್ತೇನೆ.”

“ಮಾತಾಡದಿದ್ರೆ?”

“ಅದನ್ನು ನೀನು ನಂಬಬೇಕು, ಮಾರಾಯ್ತಿ. ಅದಕ್ಕೆ ನಾನೆಂತ ಮಾಡ್ಲಿ?” ಎಸ್ತೆರ್ ಚೀಲ ಎತ್ತಿಕೊಂಡಳು. “ನಂಗೂ ನೋವಾಗ್ತದೆ. ನಿಂಗೆ ಒಬ್ಳಿಗೇ ಅಲ್ಲ.”

ಮುಂದಿನ ಬಸ್ಸಿಗೆ ಅವಳು ಹತ್ತಿದಳು. ಮನ್ವಿತಾ ಹತ್ತಲಿಲ್ಲ, ಅದರ ನಂತರದ್ದಕ್ಕೆ ಕಾದಳು.

ಮನೆಗೆ ಬಂದಾಗ ಅವಳಿಗೆ ಎಲ್ಲದರ ಮೇಲೂ ಸಿಟ್ಟಿತ್ತು. ಎರಡು ವಾರ ಎಂದ ಎಸ್ತೆರ್ ಮೇಲೆ, ಗೇಟಿನಲ್ಲಿ ಫೋನ್ ತೆಗೆದಿಡುವವರ ಮೇಲೆ, ಸರಿಯಾಗಿ ಅಭ್ಯಾಸ ಮಾಡಿಯೂ ಮೂರನೆಯ ವಾಕ್ಯಕ್ಕೆ ನಿಲ್ಲದ ತನ್ನ ಬಾಯಿಯ ಮೇಲೆ. ಇಷ್ಟು ಮಾತ್ರೆ ನುಂಗಿ, ಇಷ್ಟು ಕಾಗದ ತುಂಬಿಸಿ, ಬೇರೆಯವರು ಸುಮ್ಮನೆ ಇದ್ದಲ್ಲಿ ಸುಮ್ಮನೆ ಇರಲು ತನಗೆ ಇಷ್ಟು ಕಷ್ಟ ಯಾಕೆ ಎಂಬುದು ಅವಳ ಪ್ರಶ್ನೆ. 

“ಎಂತಾಯ್ತು?” ಎಂದರು ಅಮ್ಮ.

“ಎರಡು ವಾರ ಮಾತಾಡುದಿಲ್ವಂತೆ.”

“ಎರಡೇ ವಾರ ಅಲ್ವಾ?”

ಮನ್ವಿತಾ ಬೂತಾಯಿ ಸಾರಿನಲ್ಲಿ ಅನ್ನ ಕಲಸಿ, ಹಸಿವಿಲ್ಲದಿದ್ದರೂ ತಟ್ಟೆ ಖಾಲಿ ಮಾಡಿದಳು. ಮಾತ್ರೆ ನುಂಗಿದಳು. ಕಾಗದದಲ್ಲಿ ಸಿಟ್ಟಿಗೆ ಐದು, ದುಃಖಕ್ಕೆ ಐದು, ಕೆಟ್ಟ ಯೋಚನೆಗೆ ನಾಲ್ಕು ಹಾಕಿದಳು. ಕೊನೆಯ ಸಾಲಿನಲ್ಲಿ ‘ತನಗೆ ನೋವು ಮಾಡಿಕೊಂಡಿದ್ದು’ ಎಂಬಲ್ಲಿ ‘ಇಲ್ಲ’ ಎಂದು ಬರೆದಳು. ನಾಲ್ಕು ಎಂಬ ಅಂಕವನ್ನು ತಾನಾಗಿಯೇ ಅಮ್ಮನಿಗೆ ತೋರಿಸಿ, ಅಮ್ಮನ ಕೋಣೆಯಲ್ಲಿ ಚಾಪೆ ಹಾಸಿದಳು. ಫೋನನ್ನು ತಂಗಿಯ ಕೈಗೆ ಕೊಟ್ಟಳು.

ಮರುದಿನ ಹನ್ನೊಂದಕ್ಕೆ ಕೆಲಸಕ್ಕೆ ಹೋಗುತ್ತೇನೆ ಎಂದಳು. ಎಸ್ತೆರ್ ಕೌಂಟರಿನಲ್ಲಿ ಇರುವುದರಿಂದ ಈ ಎರಡು ವಾರ ತನ್ನನ್ನು ಒಳಗೆ ಪಾರ್ಸೆಲ್ ಕಟ್ಟುವಲ್ಲಿ ಹಾಕಿ ಎಂದು ಸೂಪರ್‌ವೈಸರ್ ಜಯಪಾಲಣ್ಣನನ್ನು ಕೇಳುತ್ತೇನೆ ಎಂದೂ ಹೇಳಿದಳು.